ಬಿದ್ದ ಕೋವಿಯನ್ನು ನಂಬಬೇಡಿರಿ

ಮಲೆನಾಡಿನ ಬಾಂಧವರೇ, 1972ರ ವನ್ಯಜೀವಿ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಹಿರಿಯರ ರೈಫಲ್ ಮಾತ್ರ ಎಷ್ಟೋ ಮನೆಗಳಲ್ಲಿ ಉಳಿಯಿತು. ರಜೆಗೆ ಊರಿಗೆ ಹೋದಾಗ ಅದು ಕೈಜಾರಿ ಬಿದ್ದರೆ ಏನು ಮಾಡಬೇಕು?

ಮೊದಲು ಕೋವಿಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಕುದುರೆಯಿಂದ ಬೆರಳು ದೂರವಿಟ್ಟು, ತೋಟೆಗಳನ್ನೆಲ್ಲ ತೆಗೆಸಿರಿ. ಬಳಿಕ ಹಿಂಬದಿಯಿಂದ ನಳಿಗೆಯೊಳಗೆ ನೋಡಿರಿ. ಮಣ್ಣು ಹೊಕ್ಕಿದ್ದರೆ, ನಳಿಗೆ ನೆಗ್ಗಿದ್ದರೆ, ಹಾರಿಸಿದಾಗ ಅದು ಸಿಡಿಯಬಹುದು. ಒಳಗಿನ ಕೀಲು ಸಡಿಲಿದ್ದರೆ ಕುದುರೆ ಎಳೆಯದೆಯೇ ಗುಂಡು ಹಾರೀತು. ಇದು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ “ಒಂದು ಗುಂಡು ಹೊಡೆದು ನೋಡೋಣ” ಎನ್ನಬಾರದು.

ಊರ ಕಮ್ಮಾರನಿಗೂ ಕೊಡಬೇಡಿರಿ. 1959ರ ಆಯುಧ ಕಾಯಿದೆಯಂತೆ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಕೋವಿಯ ಕಾಗದಪತ್ರ ಯಾರ ಹೆಸರಿನಲ್ಲಿದೆಯೋ ಅವರೇ ಅಂಥ ಅಂಗಡಿಗೆ ಒಯ್ಯಲಿ. ರಿಪೇರಿಗೆ ನಾಲ್ಕು ಕಾಸು ಹೋದೀತು. ಹೋದ ಕಣ್ಣು ಮರಳಿ ಬಾರದು.