ಆಫ್ರಿಕಾದ ಯುವ ನಾಯಕರ ಸಮಾವೇಶ: ತಪ್ಪು ಕಲ್ಪನೆ ಮತ್ತು ವಾಸ್ತವ

ಜಗತ್ತಿನಲ್ಲಿ ಆಫ್ರಿಕಾದಷ್ಟು ಎಳೆಯ ಖಂಡ ಇನ್ನೊಂದಿಲ್ಲ. ಅಲ್ಲಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಇನ್ನೂ ಇಪ್ಪತ್ತು ದಾಟಿಲ್ಲ. ಹಾಗಾಗಿ ಅಕ್ರಾ, ನೈರೋಬಿ, ಕಿಗಾಲಿ, ಜೊಹಾನ್ಸ್‌ಬರ್ಗ್‌ಗಳಲ್ಲಿ ಯುವ ನಾಯಕತ್ವದ ಸಮಾವೇಶಗಳು ನಡೆಯುತ್ತಲೇ ಇರುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಯೋಜನೆ ಹಾಕಲು ಕೂತಾಗಲೇ ಕೆಲವು ತಪ್ಪು ನಂಬಿಕೆಗಳು ಒಳಗೆ ನುಸುಳಿಬಿಡುತ್ತವೆ. ಆಮೇಲೆ ಎಷ್ಟು ಹಣ ಸುರಿದರೂ ಬರಬೇಕಾದವರು ಬರುವುದಿಲ್ಲ, ಬಂದವರಿಗೆ ಸಿಗಬೇಕಾದ್ದು ಸಿಗುವುದಿಲ್ಲ.

ತಪ್ಪು ಕಲ್ಪನೆ: ಆಫ್ರಿಕಾದ ಯುವಜನರಿಗೆ ನಾಯಕತ್ವವನ್ನು ಹೊರಗಿನವರು ಕಲಿಸಿಕೊಡಬೇಕು.

ವಾಸ್ತವ: 1958ರ ಡಿಸೆಂಬರ್‌ನಲ್ಲಿ ಘಾನಾ ಸ್ವತಂತ್ರವಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಖಂಡದ ನಾನಾ ಭಾಗಗಳ ಪಕ್ಷಗಳನ್ನೂ ಕಾರ್ಮಿಕ ಸಂಘಗಳನ್ನೂ ಅಕ್ರಾಗೆ ಕರೆಸಿ ಅಖಿಲ ಆಫ್ರಿಕಾ ಜನತಾ ಸಮ್ಮೇಳನ ನಡೆಸಿದರು. ಅದರ ಅಧ್ಯಕ್ಷತೆ ವಹಿಸಿದ್ದು ಕೀನ್ಯಾದ ಕಾರ್ಮಿಕ ನಾಯಕ ಟಾಮ್ ಎಂಬೋಯಾ. ಆಗ ಅವರಿಗೆ ಬರೀ 28 ವರ್ಷ. ಅವರ ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಬೆಲ್ಜಿಯಂನ ಹಿಡಿತದಲ್ಲಿದ್ದ ಕಾಂಗೋದಿಂದ ಬಂದಿದ್ದ ಪ್ಯಾಟ್ರಿಸ್ ಲುಮುಂಬಾಗೆ 33. ಲುಮುಂಬಾ ಊರಿಗೆ ಮರಳಿ, ಅದೇ ತಿಂಗಳು ಲಿಯೋಪೋಲ್ಡ್‌ವಿಲ್‌ನಲ್ಲಿ, ಅಂದರೆ ಇಂದಿನ ಕಿನ್ಶಾಸಾದಲ್ಲಿ, ದೊಡ್ಡ ಸಭೆ ಸೇರಿಸಿ ಸ್ವಾತಂತ್ರ್ಯದ ಬೇಡಿಕೆ ಇಟ್ಟರು. 1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾದಾಗ ಪ್ರಧಾನಿಯಾಗಿದ್ದವರು ಅವರೇ.

ಒಂದು ಸಮ್ಮೇಳನ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅದನ್ನು ಕರೆದವರು, ನಡೆಸಿದವರು ಆಫ್ರಿಕಾದವರೇ. ಅದಕ್ಕೂ ಮೊದಲು, 1944ರಲ್ಲಿ ದಕ್ಷಿಣ ಆಫ್ರಿಕಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಯುವ ಘಟಕ ಕಟ್ಟಿದವರ ಸಾಲಿನಲ್ಲಿದ್ದ ನೆಲ್ಸನ್ ಮಂಡೇಲಾಗೆ 25 ವರ್ಷ. 1976ರ ಜೂನ್ 16ರಂದು ಸೊವೆಟೊದಲ್ಲಿ ಆಫ್ರಿಕಾನ್ಸ್ ಭಾಷೆಯ ಹೇರಿಕೆಯ ವಿರುದ್ಧ ಬೀದಿಗಿಳಿದವರಂತೂ ಶಾಲೆಯ ಮಕ್ಕಳು. ಇಂಥ ಪರಂಪರೆಯ ವಾರಸುದಾರರ ಮುಂದೆ ನಿಂತು ನಾಯಕತ್ವದ ಏಳು ಸೂತ್ರಗಳನ್ನು ಪರದೆಯ ಮೇಲೆ ತೋರಿಸುವುದು ಅವರಿಗೆ ಮಾಡುವ ಅವಮಾನ. ಕಾರ್ಯಕ್ರಮ ರೂಪಿಸುವ ಸಮಿತಿಯಲ್ಲೇ ಆಫ್ರಿಕಾದ ಯುವಕ ಯುವತಿಯರು ಇರಬೇಕು. ಸಲಹೆಗಾರರ ಪಟ್ಟಿಯಲ್ಲಿ ಹೆಸರು ಹಾಕಿದರೆ ಸಾಲದು, ಹಣ ಎಲ್ಲಿ ಖರ್ಚಾಗಬೇಕು ಎಂದು ಹೇಳುವ ಅಧಿಕಾರವೂ ಅವರಿಗೆ ಬೇಕು.

ತಪ್ಪು ಕಲ್ಪನೆ: ಹೆಸರುವಾಸಿ ಭಾಷಣಕಾರರೊಬ್ಬರು ಬಂದು ಹುರಿದುಂಬಿಸಿದರೆ ಸಮಾವೇಶ ಗೆದ್ದಂತೆ.

ವಾಸ್ತವ: 2007ರಲ್ಲಿ ತಾಂಜಾನಿಯಾದ ಅರುಷಾ ಊರಿನಲ್ಲಿ ಟೆಡ್ ಗ್ಲೋಬಲ್ ಸಮಾವೇಶ ನಡೆಯಿತು. ಅದರ ವೇದಿಕೆಗೆ ಮಲಾವಿ ದೇಶದ ವಿಲಿಯಂ ಕಾಮ್‌ಕ್ವಾಂಬಾ ಎಂಬ 19ರ ಹುಡುಗ ಬಂದ. 2001-02ರ ಬರಗಾಲದಲ್ಲಿ ಅವನ ಮನೆಯವರು ಹೊಟ್ಟೆಗಿಲ್ಲದೆ ನರಳಿದ್ದರು. ಶುಲ್ಕ ಕಟ್ಟಲಾಗದೆ ಪ್ರೌಢಶಾಲೆ ಬಿಡಬೇಕಾಯಿತು. ಊರಿನ ಪುಟ್ಟ ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕದ ಚಿತ್ರ ನೋಡಿಕೊಂಡು, ಗುಜರಿಯಲ್ಲಿ ಬಿದ್ದಿದ್ದ ಟ್ರ್ಯಾಕ್ಟರ್ ಫ್ಯಾನು, ಹಳೇ ಸೈಕಲ್ಲಿನ ಚೌಕಟ್ಟು, ಡೈನಮೊ, ಪ್ಲಾಸ್ಟಿಕ್ ಪೈಪು, ನೀಲಗಿರಿ ಕಂಬಗಳನ್ನು ಕೂಡಿಸಿ ಗಾಳಿಯಂತ್ರ ಕಟ್ಟಿ ಮನೆಗೆ ದೀಪ ತಂದಿದ್ದ. ವಿಮಾನ ಹತ್ತಿದ್ದು ಆ ಸಮಾವೇಶಕ್ಕಾಗಿಯೇ, ಮೊದಲ ಸಲ. ವೇದಿಕೆಯ ಮೇಲೆ ಗಾಬರಿಯಾಗಿ ತಡವರಿಸುತ್ತ, ಹರಕುಮುರುಕು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಇಳಿದ.

ಭಾಷಣವೆಂದು ಅಳೆದರೆ ಅದು ಏನೂ ಅಲ್ಲ. ಆದರೂ ಆ ಸಮಾವೇಶದಿಂದ ಜಗತ್ತು ಇಂದಿಗೂ ನೆನೆಯುವ ಹೆಸರುಗಳಲ್ಲಿ ಅವನದೂ ಒಂದು. ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ಅವನನ್ನು ಹುಡುಕಿದ ಬಗೆ. ಮಲಾವಿಯ ಪತ್ರಿಕೆಯೊಂದು ಅವನ ಬಗ್ಗೆ ಬರೆದಿತ್ತು. ಸಮಾವೇಶದ ಕಾರ್ಯಕ್ರಮ ರೂಪಿಸುತ್ತಿದ್ದ ನೈಜೀರಿಯಾ ಮೂಲದ ಎಮೆಕಾ ಒಕಾಫೋರ್ ಆ ಜಾಡು ಹಿಡಿದು ಅವನನ್ನು ಕರೆಸಿದರು. ಅರ್ಜಿ ನಮೂನೆಯನ್ನು ಅಂತರ್ಜಾಲದಲ್ಲಿ ಹಾಕಿ ಕಾದು ಕೂತಿದ್ದರೆ ವಿಲಿಯಂ ಬರುತ್ತಲೇ ಇರಲಿಲ್ಲ. ಎರಡನೆಯದು, ಆಮೇಲೆ ನಡೆದದ್ದು. ಅಲ್ಲಿ ಪರಿಚಯವಾದವರು ಅವನ ಓದಿನ ಹೊಣೆ ಹೊತ್ತರು. ಅವನು ಜೊಹಾನ್ಸ್‌ಬರ್ಗ್‌ನ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿಯಲ್ಲಿ ಓದಿದ, 2014ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದ. ವೇದಿಕೆಯ ಆ ಕೆಲವು ನಿಮಿಷಗಳ ಹಿಂದೆ ಮುಂದೆ ಯಾರೋ ಪಟ್ಟ ಶ್ರಮವಿದೆ. ಬಜೆಟ್ಟಿನ ದೊಡ್ಡ ಪಾಲು ಹೋಗಬೇಕಾದ್ದು ಆ ಶ್ರಮಕ್ಕೆ.

ತಪ್ಪು ಕಲ್ಪನೆ: ಆಫ್ರಿಕಾದೊಳಗೇ ಸಮಾವೇಶ ಇಟ್ಟುಕೊಂಡರೆ ಆಫ್ರಿಕಾದವರು ಸುಲಭವಾಗಿ ಬಂದು ಹೋಗಬಹುದು.

ವಾಸ್ತವ: ಆಫ್ರಿಕಾ ಒಕ್ಕೂಟದಲ್ಲಿ 55 ಸದಸ್ಯ ರಾಷ್ಟ್ರಗಳಿವೆ, ಅಷ್ಟೇ ಗಡಿ ಕಾವಲುಗಳೂ ಇವೆ. ಖಂಡದೊಳಗೆ ಜನರ ಮುಕ್ತ ಓಡಾಟಕ್ಕಾಗಿ 2018ರಲ್ಲಿ ಒಪ್ಪಂದವೊಂದು ಅಂಗೀಕಾರವಾಯಿತು. ಜಾರಿಗೆ ಬರಲು 15 ದೇಶಗಳ ಅನುಮೋದನೆ ಬೇಕು, ಕೊಟ್ಟವು ಬೆರಳೆಣಿಕೆಯಷ್ಟು. ರುವಾಂಡಾ, ಬೆನಿನ್, ಗ್ಯಾಂಬಿಯಾ, ಸೇಶೆಲ್ಸ್‌ನಂಥ ಕೆಲವು ದೇಶಗಳು ಆಫ್ರಿಕಾದ ಎಲ್ಲರಿಗೂ ವೀಸಾ ಇಲ್ಲದೆ ಬಾಗಿಲು ತೆರೆದಿವೆ. ಸ್ಥಳ ಆರಿಸುವಾಗ ಸಭಾಂಗಣದ ಸೊಬಗಿಗಿಂತ ಮೊದಲು ನೋಡಬೇಕಾದ್ದು ಇದನ್ನು.

ವೀಸಾ ಬೇಕಿರುವ ದೇಶವಾದರೆ ಕೆಲಸ ತಿಂಗಳುಗಟ್ಟಲೆ ಮುಂಚೆ ಶುರುವಾಗಬೇಕು. ಆಹ್ವಾನ ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ತಂಗುವ ಜಾಗ, ಊಟ ವಸತಿಯ ಖರ್ಚು ಯಾರದು ಎಂಬುದು, ಸಹಿ, ಮೊಹರು ಎಲ್ಲವೂ ಇರಬೇಕು. ಎಷ್ಟೋ ಸಲ ರಾಯಭಾರ ಕಚೇರಿ ಅಭ್ಯರ್ಥಿಯ ದೇಶದಲ್ಲಿ ಇರುವುದೇ ಇಲ್ಲ, ಪಕ್ಕದ ದೇಶಕ್ಕೆ ಹೋಗಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚುಮದ್ದು ಹಾಕಿಸಿದ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. ಹೊರಡುವ ಹಿಂದಿನ ವಾರ ನೆನಪಾದರೆ ಪ್ರಯಾಣ ಅಲ್ಲಿಗೇ ನಿಂತಿತು.

ಹಣದ ವಿಷಯ ಇನ್ನೂ ಸೂಕ್ಷ್ಮ. ಟಿಕೆಟನ್ನು ನೀವೇ ಕೊಂಡುಕೊಳ್ಳಿ, ಬಿಲ್ ತೋರಿಸಿದ ಮೇಲೆ ಹಣ ಕೊಡುತ್ತೇವೆ ಎಂಬ ನಿಯಮವನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಆ ಒಂದು ಸಾಲು ಬಡವರ ಮಕ್ಕಳನ್ನು ಮೊದಲೇ ಹೊರಗೆ ನಿಲ್ಲಿಸುತ್ತದೆ. ಟಿಕೆಟ್ ಸಂಘಟಕರೇ ಕೊಳ್ಳಬೇಕು, ಹಳ್ಳಿಯಿಂದ ವಿಮಾನ ನಿಲ್ದಾಣದವರೆಗಿನ ಬಸ್ ಚಾರ್ಜನ್ನು ಮುಂಗಡವಾಗಿ ಕಳಿಸಬೇಕು. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಶುರುವಾದಾಗಿನಿಂದ ಮೊಬೈಲಿನಲ್ಲಿ ಹಣ ಕಳಿಸುವುದು ಅಲ್ಲಿ ದಿನನಿತ್ಯದ ಸಂಗತಿ. ಬ್ಯಾಂಕ್ ಖಾತೆಯೇ ಬೇಕೆಂದು ಹಟ ಹಿಡಿಯಬಾರದು. ಸೆನೆಗಲ್‌ನಲ್ಲೂ ಕ್ಯಾಮರೂನ್‌ನಲ್ಲೂ ನೋಟಿನ ಹೆಸರು ಸಿಎಫ್‌ಎ ಫ್ರಾಂಕ್, ಬೆಲೆಯೂ ಒಂದೇ. ಆದರೂ ಇಲ್ಲಿಯದು ಅಲ್ಲಿ ನಡೆಯುವುದಿಲ್ಲ. ನಡುರಾತ್ರಿ ಒಬ್ಬಳೇ ಬಂದಿಳಿಯುವ ಹುಡುಗಿಯ ಕೈಗೆ ಸ್ಥಳೀಯ ನಗದು, ನಂಬಿಕಸ್ಥ ವಾಹನ, ಎತ್ತುವವರಿರುವ ಒಂದು ಫೋನ್ ನಂಬರ್ ಸಿಗದಿದ್ದರೆ ಅವಳ ಮನೆಯವರು ಇನ್ನೊಬ್ಬಳನ್ನು ಕಳಿಸುವುದಿಲ್ಲ.

ತಪ್ಪು ಕಲ್ಪನೆ: ಓದಿದವರಿಗೆಲ್ಲ ಇಂಗ್ಲಿಷ್ ಬರುತ್ತದೆ, ಅದೊಂದು ಸಾಕು.

ವಾಸ್ತವ: ಡಕಾರ್‌ನ ಪದವೀಧರೆ ಓದಿದ್ದು ಫ್ರೆಂಚಿನಲ್ಲಿ, ಲುವಾಂಡಾದವನು ಪೋರ್ಚುಗೀಸಿನಲ್ಲಿ, ಕೈರೋದವಳು ಅರೇಬಿಕ್‌ನಲ್ಲಿ. ಇಂಗ್ಲಿಷಿನ ಸಭೆಯಲ್ಲಿ ಅವರು ಮೂಕರಾಗುತ್ತಾರೆ. ಇಂಗ್ಲಿಷ್ ಮಾತಾಡುವವರೇ ನಾಯಕರಂತೆ ಕಾಣತೊಡಗುತ್ತಾರೆ. ಏಕಕಾಲದ ಭಾಷಾಂತರಕ್ಕೆ ಒಂದೊಂದು ಭಾಷೆಗೂ ಕನಿಷ್ಠ ಇಬ್ಬರು ಬೇಕು, ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿಕೊಳ್ಳಲು. ಖರ್ಚು ಹೆಚ್ಚೇ. ಅದಕ್ಕಾಗಿ ಹೂವಿನ ಅಲಂಕಾರ, ಕೈಚೀಲ, ಟೀ ಶರ್ಟು ಬಿಟ್ಟುಬಿಡಬಹುದು. ಸಣ್ಣ ಗುಂಪುಗಳ ಚರ್ಚೆಯಲ್ಲಿ ಸ್ವಾಹಿಲಿಗೋ ಹೌಸಾಗೋ ಜಾಗ ಕೊಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಗಡಿಯಾರದ ಮಾತೂ ಇದೆ. ಇಥಿಯೋಪಿಯಾದಲ್ಲಿ ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಒಂಬತ್ತು ಗಂಟೆ ಅವರಿಗೆ ಮೂರು. ಸ್ವಾಹಿಲಿಯಲ್ಲೂ ಅದೇ ಲೆಕ್ಕ. ಇಥಿಯೋಪಿಯಾದ ಪಂಚಾಂಗಕ್ಕೆ ಹದಿಮೂರು ತಿಂಗಳು. ಅಡಿಸ್ ಅಬಾಬಾದಲ್ಲಿ ಬಸ್ ಗೊತ್ತು ಮಾಡುವವರು ಯಾವ ಗಡಿಯಾರದ ಮೂರು ಗಂಟೆ ಎಂದು ಕೇಳಿಕೊಳ್ಳದಿದ್ದರೆ ಕೆಲಸ ಕೆಟ್ಟಿತು. ದಿನಾಂಕ ಗೊತ್ತು ಮಾಡುವಾಗ ರಂಜಾನ್ ಉಪವಾಸ, ಪರೀಕ್ಷೆಗಳು, ಚುನಾವಣೆ ಮೂರನ್ನೂ ನೋಡಿಕೊಳ್ಳಬೇಕು.

ತಪ್ಪು ಕಲ್ಪನೆ: ಯುವಜನರೆಂದರೆ ಕಾಲೇಜು ಹುಡುಗರು.

ವಾಸ್ತವ: 2006ರಲ್ಲಿ ಬಂಜುಲ್‌ನಲ್ಲಿ ಅಂಗೀಕಾರವಾದ ಆಫ್ರಿಕಾ ಯುವ ಸನ್ನದಿನ ಪ್ರಕಾರ 15ರಿಂದ 35 ವರ್ಷದವರೆಲ್ಲ ಯುವಜನರೇ. ಹದಿನಾರರ ಹುಡುಗಿಗೆ ಪೋಷಕರ ಒಪ್ಪಿಗೆ ಪತ್ರ, ಜೊತೆಗೊಬ್ಬರು ಹಿರಿಯರು ಬೇಕು; ಮೂವತ್ತೆರಡರ ತಾಯಿಗೆ ಕೂಸನ್ನು ನೋಡಿಕೊಳ್ಳುವ ಕೋಣೆ ಬೇಕು. ಮೀನುಗಾರರು, ಬೈಕ್ ಟ್ಯಾಕ್ಸಿ ಓಡಿಸುವವರು, ಸಂತೆಯಲ್ಲಿ ವ್ಯಾಪಾರ ಮಾಡುವ ಹೆಣ್ಣುಮಕ್ಕಳು ಕೂಡ ಆ ಪಟ್ಟಿಯಲ್ಲಿರಲಿ.

ತಪ್ಪು ಕಲ್ಪನೆ: ಪ್ರೇರಣೆಯ ಕಾರ್ಯಕ್ರಮ, ಇಲ್ಲಿ ರಾಜಕೀಯ ಬೇಡ.

ವಾಸ್ತವ: ನೈಜೀರಿಯಾದ ಯುವಜನ ವರ್ಷಗಟ್ಟಲೆ ಅಭಿಯಾನ ನಡೆಸಿ, ಚುನಾವಣೆಗೆ ನಿಲ್ಲುವ ವಯೋಮಿತಿಯನ್ನು ಕಾನೂನಿನ ಮೂಲಕವೇ ಇಳಿಸಿದರು. 2018ರ ಮೇ 31ರಂದು ಅದಕ್ಕೆ ಅಂಕಿತ ಬಿತ್ತು. ಸಂಸತ್ತಿನ ಕೆಳಮನೆಗೆ 30 ಇದ್ದದ್ದು 25 ಆಯಿತು, ಅಧ್ಯಕ್ಷ ಪದವಿಗೆ 40 ಇದ್ದದ್ದು 35. ಕೀನ್ಯಾದ ಯುವಕರು 2024ರ ಜೂನ್‌ನಲ್ಲಿ ತೆರಿಗೆ ಹೆಚ್ಚಿಸುವ ಹಣಕಾಸು ಮಸೂದೆಯನ್ನು ತಮ್ಮ ಭಾಷೆಗಳಲ್ಲಿ ಜನರಿಗೆ ಬಿಡಿಸಿ ಹೇಳಿ ಬೀದಿಗಿಳಿದರು. ಹಲವರು ಪ್ರಾಣ ತೆತ್ತರು. ಮಸೂದೆಯನ್ನು ಅಧ್ಯಕ್ಷರು ಕೈಬಿಡಬೇಕಾಯಿತು. ಇಂಥವರನ್ನು ಕೂರಿಸಿಕೊಂಡು ಬರೀ ಆತ್ಮವಿಶ್ವಾಸ, ಸಮಯ ಪಾಲನೆಯ ಬಗ್ಗೆ ಮಾತಾಡಿದರೆ ಅವರು ಎದ್ದು ಹೋಗುತ್ತಾರೆ. ಪಕ್ಷದ ಪ್ರಚಾರಕ್ಕೆ ವೇದಿಕೆ ಕೊಡಬೇಕಿಲ್ಲ. ಆದರೆ ಬಜೆಟ್ ಓದುವುದು ಹೇಗೆ, ಪಂಚಾಯಿತಿ ಮಟ್ಟದಲ್ಲಿ ಲೆಕ್ಕ ಕೇಳುವುದು ಹೇಗೆ, ಕೇಳಿದ್ದಕ್ಕೆ ಬಂಧಿಸಿದರೆ ಯಾವ ವಕೀಲರನ್ನು ಕಾಣಬೇಕು ಎಂಬುದನ್ನು ಹೇಳಿಕೊಡಲೇಬೇಕು. ಫೋಟೊ ಹಾಕುವ ಮುನ್ನ ಅವರ ಅನುಮತಿ ಪಡೆಯುವುದೂ ಇಲ್ಲಿ ಸುರಕ್ಷತೆಯ ಪ್ರಶ್ನೆ.

ತಪ್ಪು ಕಲ್ಪನೆ: ಪ್ರಮಾಣಪತ್ರ ಹಂಚಿ ಗ್ರೂಪ್ ಫೋಟೊ ತೆಗೆದಲ್ಲಿಗೆ ಕೆಲಸ ಮುಗಿಯಿತು, ಎಷ್ಟು ಜನ ಬಂದರು ಎಂಬುದೇ ಯಶಸ್ಸಿನ ಅಳತೆ.

ವಾಸ್ತವ: ವಾಂಗಾರಿ ಮಾಥಾಯಿ 1977ರಲ್ಲಿ ಕೀನ್ಯಾದಲ್ಲಿ ಹಸಿರು ಪಟ್ಟಿ ಚಳವಳಿ ಶುರು ಮಾಡಿದಾಗ ಹಳ್ಳಿಯ ಹೆಂಗಸರಿಗೆ ಸಣ್ಣದೊಂದು ಮೊತ್ತ ಕೊಡುತ್ತಿದ್ದರು. ಅದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಮಾವೇಶದ ಲೆಕ್ಕವನ್ನೂ ಹೀಗೆಯೇ ಇಡಬೇಕು. ಬಂದವರಲ್ಲಿ ಒಂದು ವರ್ಷದ ಮೇಲೆ ಯಾರ ಕೆಲಸ ನಡೆಯುತ್ತಿದೆ, ಯಾರದ್ದು ನಿಂತಿತು, ಯಾಕೆ ನಿಂತಿತು? ಇದನ್ನು ಕೇಳಲು ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕು. ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿ 2008ರಲ್ಲಿ ತೆರೆದಾಗಲೇ ಎರಡು ವರ್ಷಗಳ ಪಾಠಕ್ರಮ ಇಟ್ಟುಕೊಂಡಿತು. ಮೂರು ದಿನದ ಸಮಾವೇಶ ಅಷ್ಟನ್ನು ಮಾಡಲಾರದು. ಆದರೆ ಸಾವಿರ ಜನರನ್ನು ಸೇರಿಸುವ ಬದಲು ನೂರು ಜನರನ್ನು ಕರೆದು, ಉಳಿದ ಹಣದಲ್ಲಿ ಅವರಿಗೊಬ್ಬ ಮಾರ್ಗದರ್ಶಕ, ಒಂದಿಷ್ಟು ಬೀಜಧನ, ಮರುವರ್ಷದ ಭೇಟಿ ಒದಗಿಸಬಹುದು. ನನ್ನ ಮತ ಆ ನೂರರ ಕಡೆಗೆ.

ಓದುಗರಲ್ಲಿ ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿ ಸಂಘದವರು ಇರಬಹುದು. ಬೆಂಗಳೂರಿನಲ್ಲಿ ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. 1963ರ ಮೇ 25ರಂದು ಅಡಿಸ್ ಅಬಾಬಾದಲ್ಲಿ ಆಫ್ರಿಕಾ ಏಕತಾ ಸಂಸ್ಥೆ ಹುಟ್ಟಿದ ನೆನಪಿಗೆ ಆ ದಿನವನ್ನು ಆಫ್ರಿಕಾ ದಿನವಾಗಿ ಆಚರಿಸುತ್ತಾರೆ. ಮುಂದಿನ ಮೇ ತಿಂಗಳಲ್ಲಿ ನಿಮ್ಮ ಕಾಲೇಜಿನಲ್ಲಿ ಕಾರ್ಯಕ್ರಮ ಮಾಡುವುದಾದರೆ ಆ ವಿದ್ಯಾರ್ಥಿಗಳನ್ನು ಕುಣಿತಕ್ಕೆ ಮಾತ್ರ ಕರೆಯಬೇಡಿ. ವಿಷಯ ಯಾವುದು, ಮಾತಾಡುವವರು ಯಾರು, ಹಣ ಯಾವುದಕ್ಕೆ ಎಂದು ತೀರ್ಮಾನಿಸುವ ಸಭೆಗೆ, ಮೊದಲ ದಿನವೇ ಕರೆಯಿರಿ.