ಒದರುವ ಎಂಜಿನ್ ಹಸಿದಿರುತ್ತದೆ

ಜನವರಿಯ ಒಂದು ಭಾನುವಾರ ನಸುಕಿನಲ್ಲೇ ಪುಣೆಯಿಂದ ಘಾಟಿ ಇಳಿದು ನವಿ ಮುಂಬೈಗೆ ಹೋಗಿದ್ದೆ. ಡಿಕ್ಕಿಯಲ್ಲಿ ನನ್ನ ನೈಟ್ರೋ ಆರ್‌ಸಿ ಕಾರು ಇತ್ತು. ರಿಮೋಟ್‌ನಿಂದ ಓಡಿಸುವ ಈ ಕಾರಿನದು 3.5 ಸಿಸಿ ಎಂಜಿನ್. ಅಕ್ಟೋಬರ್‌ನಲ್ಲಿ ಪುಣೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಅದನ್ನು ಟ್ಯೂನ್ ಮಾಡಿದ್ದೆ. ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು.

ಮೈದಾನದಲ್ಲಿ ಕಾರು ಹಿಂದೆಂದೂ ಕಾಣದ ವೇಗದಲ್ಲಿ ಓಡಿತು. ನಾನು ಹಿಗ್ಗಿದೆ. ಅಪ್ಪ ಮಾತ್ರ ಕಿವಿಗೊಟ್ಟು ಕೇಳಿ, ‘ಅದು ಓಡಾಕತ್ತಿಲ್ಲೋ, ಒದರಾಕತ್ತೈತಿ. ಮೊದಲ ಅದರ ಹೊಟ್ಟಿಗೆ ಹಾಕು’ ಅಂದರು. ನಾನು ನಕ್ಕು ಸುಮ್ಮನಾದೆ. ಎರಡನೇ ಟ್ಯಾಂಕ್ ಮುಗಿಯುವ ಮೊದಲೇ ಎಂಜಿನ್ ಜಾಮ್ ಆಯಿತು. ಮನೆಗೆ ಬಂದು ಬಿಚ್ಚಿದರೆ ಪಿಸ್ಟನ್ ಮೇಲೂ ಸ್ಲೀವ್ ಒಳಗೂ ಉದ್ದುದ್ದ ಗೀರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ವರ್ಷಗಟ್ಟಲೆ ಓಡಿಸಿದ ಅಪ್ಪನಿಗೆ ಟೂ ಸ್ಟ್ರೋಕ್ ಎಂಜಿನ್‌ನ ದನಿ ಅರ್ಥವಾಗಿತ್ತು. ಎಂಟೆಕ್ ಓದಿದ ನನಗೆ ಆಗಿರಲಿಲ್ಲ.

ಎಂಜಿನ್ ಬಿಸಿಯಾದರೆ ಇಂಧನ ಕಡಿಮೆ ಮಾಡಬೇಕು ಅನ್ನಿಸುವುದು ಸಹಜ. ನೈಟ್ರೋ ಎಂಜಿನ್‌ನಲ್ಲಿ ಲೆಕ್ಕ ತಿರುಗುಮುರುಗು. ಇದರ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಇರುತ್ತವೆ. ಆ ಎಣ್ಣೆಯಲ್ಲಿ ಎಷ್ಟೋ ಸಲ ನಮ್ಮ ಹರಳೆಣ್ಣೆಯೂ ಇರುತ್ತದೆ. ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ, ರೇಡಿಯೇಟರ್ ಇಲ್ಲ. ಒಳಗಿನ ಭಾಗಗಳಿಗೆ ಜಾರುವಿಕೆ ಕೊಡುವುದೂ ಇಂಧನವೇ, ತಂಪು ಮಾಡುವುದೂ ಬಹುಪಾಲು ಇಂಧನವೇ. ಮೆಥನಾಲ್ ಆವಿಯಾಗುವಾಗ ಹೀರಿಕೊಳ್ಳುವ ಶಾಖ, ಅಷ್ಟೇ ತೂಕದ ಪೆಟ್ರೋಲ್ ಹೀರುವುದಕ್ಕಿಂತ ಸುಮಾರು ಮೂರು ಪಟ್ಟು. ಇಂಧನ ಕಡಿಮೆಯಾದರೆ, ಅಂದರೆ ಮಿಶ್ರಣ ‘ಲೀನ್’ ಆದರೆ, ತಂಪೂ ಹೋಯಿತು, ಎಣ್ಣೆಯೂ ಹೋಯಿತು.

ಮೋಸ ಎಲ್ಲಿದೆಯೆಂದರೆ, ಲೀನ್ ಆದ ಎಂಜಿನ್ ಮೊದಲು ಸೊಗಸಾಗಿ ಓಡುತ್ತದೆ. ಕೆಲವು ಸುತ್ತುಗಳ ನಂತರ ಶಕ್ತಿ ಕುಂದುತ್ತದೆ. ಆಗ ನಮ್ಮಂಥವರು ‘ಇಂಧನ ಜಾಸ್ತಿಯಾಯಿತೇನೋ’ ಎಂದು ಇನ್ನಷ್ಟು ಬಿಗಿ ಮಾಡುತ್ತೇವೆ. ನಾನು ಆ ದಿನ ಮಾಡಿದ್ದೂ ಅದನ್ನೇ.

ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಇಂಧನದ ಕೊಳವೆಯಲ್ಲಿ ಗುಳ್ಳೆ ಕಾಣುತ್ತಿದೆಯೇ, ಕಾರ್ಬ್ಯುರೇಟರ್ ಬುಡದಲ್ಲಿ ಗಾಳಿ ಸೋರುತ್ತಿದೆಯೇ, ಸೈಲೆನ್ಸರ್‌ನಿಂದ ಟ್ಯಾಂಕ್‌ಗೆ ಒತ್ತಡ ಒಯ್ಯುವ ಕೊಳವೆ ಕಳಚಿದೆಯೇ ನೋಡಿ. ಬ್ರೇಕ್ ಚಕ್ರವನ್ನು ಹಿಡಿದುಕೊಂಡಿದ್ದರೆ, ಗೇರ್‌ಗಳು ತೀರಾ ಬಿಗಿಯಾಗಿದ್ದರೆ ಅದೂ ಹೊರೆಯೇ. ಕಾರಿನ ಮೇಲ್ಕವಚದಲ್ಲಿ ಗಾಳಿ ಬಂದುಹೋಗಲು ಕಿಂಡಿ ಕತ್ತರಿಸಿರಬೇಕು. ಇವನ್ನು ಬಿಟ್ಟು ಸೂಜಿ ತಿರುಗಿಸುವುದು, ಕೇಬಲ್ ಸಡಿಲವಾಗಿದ್ದಾಗ ಕೋಡ್ ತಿದ್ದಿದಂತೆ.

ಆಮೇಲೆ ಸೂಜಿಗಳ ಸರದಿ. ತಯಾರಕರು ಹೇಳಿದ ಅಳತೆಗೆ ಎರಡನ್ನೂ ತಂದು, ಎಂಜಿನ್ ಚೆನ್ನಾಗಿ ಬೆಚ್ಚಗಾಗುವವರೆಗೆ ಕಾರು ಓಡಿಸಿ. ತಣ್ಣಗಿನ ಎಂಜಿನ್ ಹೇಳುವುದನ್ನು ನಂಬಬಾರದು. ಮೊದಲು ಹೈ ಸ್ಪೀಡ್ ಸೂಜಿ: ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಒಂದು ಸಲಕ್ಕೆ ಕಾಲು ಸುತ್ತಿನ ಅರ್ಧಕ್ಕಿಂತ ಹೆಚ್ಚು ಬೇಡ. ತಿರುಗಿಸಿದ ಮೇಲೆ ಎರಡು ಮೂರು ಸುತ್ತು ಓಡಿಸಿಯೇ ತೀರ್ಮಾನಿಸಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಕಾರಿನ ಹಿಂದೆ ತೆಳು ಹೊಗೆಯ ಗೆರೆ ಕಾಣಬೇಕು. ಹೊಗೆಯೇ ಇಲ್ಲದಿದ್ದರೆ, ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಬೇಗ ಶಾಂತವಾಗದಿದ್ದರೆ ಅದು ಹಸಿದಿದೆ ಎಂದರ್ಥ.

ಅದು ಸರಿಯಾದ ಮೇಲೆ ಲೋ ಸ್ಪೀಡ್ ಸೂಜಿ. ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಹತ್ತಿರ ಇಂಧನದ ಕೊಳವೆಯನ್ನು ಬೆರಳಲ್ಲಿ ಒತ್ತಿಹಿಡಿಯಿರಿ. ಮೂರ್ನಾಲ್ಕು ಸೆಕೆಂಡಿನಲ್ಲಿ ದನಿ ತುಸು ಏರಿ ನಿಂತುಹೋದರೆ ಸರಿ. ತಕ್ಷಣ ನಿಂತರೆ ಲೀನ್, ಬಹಳ ಹೊತ್ತು ಎಳೆದರೆ ಇಂಧನ ಜಾಸ್ತಿ. ಐಡಲ್ ಸ್ಕ್ರೂ ಕೊನೆಗೆ.

ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಗ್ಲೋ ಪ್ಲಗ್‌ನ ಬಳಿ ಅಳೆಯಿರಿ. ಸಾಮಾನ್ಯವಾಗಿ 95ರಿಂದ 125 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಚಿಂತೆಯಿಲ್ಲ. ಥರ್ಮಾಮೀಟರ್ ಇಲ್ಲವೇ? ಹೆಡ್ ಮೇಲೆ ಒಂದು ಹನಿ ನೀರು ಬಿಡಿ, ಒಂದೇ ಹನಿ. ಅದು ಮೂರ್ನಾಲ್ಕು ಸೆಕೆಂಡಿನಲ್ಲಿ ಕುದಿದು ಆರಬೇಕು. ದೋಸೆ ಕಾವಲಿಯ ಮೇಲಿನಂತೆ ಚುರ್ರೆಂದು ಮಾಯವಾದರೆ ಕಾರು ನಿಲ್ಲಿಸಿ. ಆದರೆ ಉಷ್ಣತೆಯ ಅಂಕಿಯನ್ನೇ ಗುರಿ ಮಾಡಿಕೊಳ್ಳಬೇಡಿ. ಹೊಗೆ ಮತ್ತು ದನಿ ನೋಡಿ ಟ್ಯೂನ್ ಮಾಡಿ, ಅಂಕಿಯಿಂದ ಖಚಿತಪಡಿಸಿಕೊಳ್ಳಿ.

ಹಾಗಾದರೆ ಪುಣೆಯಲ್ಲಿ ಸರಿಯಿದ್ದದ್ದು ನವಿ ಮುಂಬೈಯಲ್ಲಿ ಕೆಟ್ಟಿದ್ದೇಕೆ? ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಶೇ 6ರಷ್ಟು ಕಡಿಮೆ. ಘಾಟಿ ಇಳಿದರೆ ಗಾಳಿ ದಟ್ಟ, ಜನವರಿಯ ಮುಂಜಾವಿನ ತಂಪಿಗೆ ಇನ್ನೂ ದಟ್ಟ. ಸೂಜಿ ಮಾತ್ರ ಅಕ್ಟೋಬರ್ ಮಧ್ಯಾಹ್ನದ ಜಾಗದಲ್ಲೇ ಇತ್ತು. ಗಾಳಿ ಹೆಚ್ಚಿ, ಅದಕ್ಕೆ ತಕ್ಕಷ್ಟು ಇಂಧನ ಹೆಚ್ಚಲಿಲ್ಲ. ನಾನು ಮುಟ್ಟದೆಯೇ ಮಿಶ್ರಣ ಲೀನ್ ಆಗಿತ್ತು, ಸಾಲದ್ದಕ್ಕೆ ನಾನೂ ಬಿಗಿ ಮಾಡಿದೆ. ಚೆನ್ನೈಯಿಂದ ಬೆಂಗಳೂರಿಗೆ ಕಾರು ಒಯ್ಯುವವರಿಗೆ ಇದೇ ಲೆಕ್ಕ ಉಲ್ಟಾ ಆಗುತ್ತದೆ. ಹಾಗಾಗಿ ಹೊಸ ಊರಿನಲ್ಲಿ ಹೈ ಸ್ಪೀಡ್ ಸೂಜಿಯನ್ನು ತುಸು ಎಡಕ್ಕೆ ತಿರುಗಿಸಿಯೇ ಶುರು ಮಾಡಿ. ಇಂಧನ ಹೆಚ್ಚಾದರೆ ಕಾರು ಮಂದವಾಗುತ್ತದೆ ಅಷ್ಟೇ. ಕಡಿಮೆಯಾದರೆ ಎಂಜಿನ್ ಹೋಗುತ್ತದೆ.

ಒಂದು ಎಚ್ಚರಿಕೆ: ಮೆಥನಾಲ್ ವಿಷ, ಚರ್ಮದ ಮೂಲಕವೂ ಮೈಗಿಳಿಯುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ ಇಂಧನ ಚೆಲ್ಲಬೇಡಿ, ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಹೊಸ ಪಿಸ್ಟನ್, ಸ್ಲೀವ್ ಹಾಕಿಸಿದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊರು, ಹೊತ್ತು, ಗಾಳಿಯ ಉಷ್ಣತೆ, ಸೂಜಿ ಎಷ್ಟು ಸುತ್ತು, ಎಂಜಿನ್ ಎಷ್ಟು ಡಿಗ್ರಿ, ಎಲ್ಲ ಅದರಲ್ಲಿದೆ. ಭಾನುವಾರ ಫೋನ್ ಮಾಡಿದಾಗ ಅಪ್ಪ ಈ ಅಂಕಿಗಳನ್ನೆಲ್ಲ ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ: ‘ಹೊಗಿ ಬರಾಕತ್ತೈತೇನೋ?’