ಹಳೇ ವ್ಯಾನ್ ಆಶ್ರಮಕ್ಕೆ ಕೊಡ್ತೀರಾ? ಕೀ ಕೊಡೋ ಮುಂಚೆ ಆರ್‌ಸಿ ಹೆಸರು ಬದಲಾಯಿಸಿ

ಮನೆ ಮುಂದೆ ಧೂಳು ಹಿಡಿದು ನಿಂತ ಓಮ್ನಿ, ಅಂಗಡಿ ಮಾಲು ಹೊತ್ತು ಸುಸ್ತಾದ ಟಾಟಾ ಏಸ್, ಟ್ರಿಪ್ ಹೊಡೆದು ಹಳತಾದ ಟೆಂಪೋ ಟ್ರಾವೆಲರ್. ಮಾರೋಕೆ ಹೋದ್ರೆ ಗುಜರಿ ರೇಟು ಹೇಳ್ತಾರೆ. ಅದರ ಬದಲು ವೃದ್ಧಾಶ್ರಮಕ್ಕೋ, ಅನಾಥಾಶ್ರಮಕ್ಕೋ, ಗೋಶಾಲೆಗೋ ಕೊಟ್ಟುಬಿಟ್ಟರೆ ಪುಣ್ಯನಾದ್ರೂ ಬರುತ್ತೆ ಅನ್ನೋದು ಹಲವರ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಕೊಡುವ ರೀತಿ ತಪ್ಪಿದರೆ ಪುಣ್ಯದ ಹಿಂದೆಯೇ ಕೋರ್ಟ್ ನೋಟಿಸ್ ಕೂಡ ಮನೆಗೆ ಬರಬಹುದು.

ಸಾಮಾನ್ಯವಾಗಿ ನಡೆಯೋದು ಹೀಗೆ. ಗಾಡಿಗೆ ಹಾರ ಹಾಕಿ, ಪೂಜೆ ಮಾಡಿಸಿ, ಫೋಟೋ ತೆಗೆಸಿಕೊಂಡು ಕೀ ಕೊಟ್ಟು ಬರುತ್ತಾರೆ. ಸ್ವಲ್ಪ ಹುಷಾರಿರುವವರು ಛಾಪಾ ಕಾಗದದ ಮೇಲೆ ‘ಇಂದಿನಿಂದ ಈ ವಾಹನಕ್ಕೂ ನಮಗೂ ಸಂಬಂಧವಿಲ್ಲ’ ಎಂದು ಬರೆಸಿ ನೋಟರಿ ಮಾಡಿಸುತ್ತಾರೆ. ಅಲ್ಲಿಗೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿದಿರೋದಿಲ್ಲ.

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಮಾಲೀಕ ಅಂದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರು. ಗಾಡಿ ಯಾರ ಶೆಡ್‌ನಲ್ಲಿ ನಿಂತಿದೆ, ಯಾರು ಡೀಸೆಲ್ ಹಾಕಿಸುತ್ತಾರೆ ಅನ್ನೋದು ಲೆಕ್ಕಕ್ಕೆ ಬರಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಆ ಪ್ರಕರಣದಲ್ಲಿ ಕಾರೊಂದು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಅಂತ ಹಲವು ಕೈ ದಾಟಿತ್ತು. ಆರ್‌ಸಿ ಮಾತ್ರ ಮೊದಲ ಮಾಲೀಕರ ಹೆಸರಲ್ಲೇ ಉಳಿದಿತ್ತು. 2009ರಲ್ಲಿ ಅಪಘಾತವಾಯಿತು. ಪರಿಹಾರ ಕೊಡುವ ಹೊಣೆ ಕೊನೆಗೆ ಬಿದ್ದದ್ದು ಯಾವತ್ತೋ ಗಾಡಿ ಮಾರಿ ಕೈ ತೊಳೆದುಕೊಂಡಿದ್ದ ಆ ಮೊದಲ ಮಾಲೀಕರ ಮೇಲೆ. ಅಲ್ಲಿ ಆದದ್ದು ಮಾರಾಟ, ಇಲ್ಲಿ ಆಗೋದು ದಾನ. ಆರ್‌ಸಿ ಬದಲಾಗದಿದ್ದರೆ ಅಪಾಯ ಎರಡರಲ್ಲೂ ಒಂದೇ.

ವಿಮೆ ಚಾಲ್ತಿಯಲ್ಲಿದ್ದರೆ ಪೆಟ್ಟಾದವರಿಗೆ ಕೊಡಬೇಕಾದ ಪರಿಹಾರವನ್ನು ಕಂಪನಿ ಭರಿಸುತ್ತದೆ. ಆದರೆ ದಾನ ಕೊಟ್ಟ ಗಾಡಿಯ ಇನ್ಶೂರೆನ್ಸ್ ಮುಂದಿನ ವರ್ಷ ಕಟ್ಟೋರು ಯಾರು? ಕೊಟ್ಟವರು ಆಶ್ರಮದವರು ಕಟ್ಟಿರ್ತಾರೆ ಅಂತ, ಆಶ್ರಮದವರು ನೋಟಿಸ್ ಬಂದಾಗ ನೋಡೋಣ ಅಂತ. ನೋಟಿಸ್, ಮೆಸೇಜು ಹೋಗೋದು ಹಳೇ ಮಾಲೀಕರ ಮೊಬೈಲ್‌ಗೆ. ಹೀಗೇ ಪಾಲಿಸಿ ಲ್ಯಾಪ್ಸ್ ಆಗುತ್ತೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000. ಅದು ಸಣ್ಣ ಮಾತು. ಆ ಹೊತ್ತಲ್ಲೇ ಯಾರಿಗಾದರೂ ಗುದ್ದಿದರೆ ಪರಿಹಾರದ ಲಕ್ಷಗಳು ಕೈಯಿಂದಲೇ ಹೋಗಬೇಕು.

ದಾರಿ ಕಷ್ಟದ್ದಲ್ಲ. ಕೊಡುವವರು ಫಾರಂ 29 ತುಂಬಿ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಪಡೆಯುವವರು ಫಾರಂ 30ರಲ್ಲಿ 30 ದಿನದೊಳಗೆ ಅರ್ಜಿ ಹಾಕಬೇಕು. ಗಾಡಿ ಟ್ರಸ್ಟ್ ಹೆಸರಿಗೇ ಆಗಬೇಕು, ಟ್ರಸ್ಟಿನ ಅಧ್ಯಕ್ಷರ ಅಥವಾ ಡ್ರೈವರ್ ಹೆಸರಿಗಲ್ಲ. ಹಾಗಾಗಿ ಟ್ರಸ್ಟ್ ಡೀಡ್, ಪ್ಯಾನ್, ಯಾರು ಸಹಿ ಹಾಕಬೇಕೆಂದು ಟ್ರಸ್ಟಿಗಳು ಮಾಡಿದ ನಿರ್ಣಯದ ಪ್ರತಿ ಸಿದ್ಧ ಇಟ್ಟುಕೊಳ್ಳಬೇಕು. ಇಷ್ಟು ಕಾಗದ ಕೊಡೋಕೆ ಹಿಂದೆಮುಂದೆ ನೋಡುವ ಸಂಸ್ಥೆಗೆ ಗಾಡಿ ಕೊಡದಿರುವುದೇ ವಾಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಮೊದಲು ಅದನ್ನು ತೆಗೆಸಬೇಕು. ತೀರಿಕೊಂಡ ತಂದೆಯ ಹೆಸರಲ್ಲಿರುವ ಗಾಡಿಯನ್ನು ಅವರ ನೆನಪಿಗೆ ಕೊಡುವವರೂ ಇದ್ದಾರೆ. ಅದು ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬಂದು, ಆಮೇಲೆ ಟ್ರಸ್ಟಿಗೆ ಹೋಗಬೇಕು.

ಇನ್ನು ತೆರಿಗೆ ವಿಷಯ. ‘ಎರಡು ಲಕ್ಷದ ಗಾಡಿ ಕೊಟ್ಟಿದ್ದೀನಿ, 80ಜಿ ರಸೀದಿ ಕೊಡಿ’ ಅಂತ ಕೇಳಿದರೆ ಪ್ರಯೋಜನವಿಲ್ಲ. 80ಜಿ ವಿನಾಯಿತಿ ಹಣದ ರೂಪದ ದೇಣಿಗೆಗೆ ಮಾತ್ರ. ಅಕ್ಕಿ, ಬಟ್ಟೆ, ಗಾಡಿ ಯಾವುದಕ್ಕೂ ಇಲ್ಲ. ಹಣದಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಸಿಗಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿಯೇ ಇಲ್ಲ. ಈ ಗೊಂದಲಕ್ಕೆ ಗೂಗಲ್ ಕೂಡ ಒಂದು ಕಾರಣ. ವಾಹನ ದಾನ, ತೆರಿಗೆ ಅಂತ ಇಂಗ್ಲಿಷ್‌ನಲ್ಲಿ ಹುಡುಕಿದರೆ ಬರೋದು ಬಹುತೇಕ ಅಮೆರಿಕದ ಕಥೆ. ಅಲ್ಲಿ ಕಾರಷ್ಟೇ ಅಲ್ಲ, ಒಳಗೇ ಅಡುಗೆಮನೆ, ಹಾಸಿಗೆ ಇರುವ ಮೋಟರ್‌ಹೋಮ್‌ಗಳನ್ನೂ ದಾನ ಕೊಡುತ್ತಾರೆ. ಸಂಸ್ಥೆಯವರು ಅದನ್ನು ಹೆಚ್ಚಾಗಿ ಹರಾಜು ಹಾಕುತ್ತಾರೆ, 500 ಡಾಲರ್ ಮೀರಿ ಮಾರಾಟವಾದರೆ ಎಷ್ಟಕ್ಕೆ ಹೋಯಿತೋ ಅಷ್ಟಕ್ಕೇ ದಾನಿಗೆ ವಿನಾಯಿತಿ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ.

ಅಂಗಡಿಯವರಿಗೆ ಇನ್ನೊಂದು ಮಾತು. ಅಂಗಡಿಯ ಹೆಸರಲ್ಲಿ ಏಸ್ ತಗೊಂಡು ಜಿಎಸ್‌ಟಿ ಇನ್‌ಪುಟ್ ಕ್ಲೇಮ್ ಮಾಡಿದ್ದರೆ, ಪುಕ್ಕಟೆ ಕೊಟ್ಟರೂ ಜಿಎಸ್‌ಟಿ ಕಾಯ್ದೆ ಅದನ್ನು ಪೂರೈಕೆ ಅಂತಲೇ ನೋಡುತ್ತದೆ. ಆಡಿಟರನ್ನು ಕೇಳದೆ ಗಾಡಿ ಕೊಡಬಾರದು.

ಪಡೆಯುವವರ ಕಷ್ಟವನ್ನೂ ಸ್ವಲ್ಪ ನೋಡಬೇಕು. ಬಿಳಿ ಬೋರ್ಡ್ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಕಾರು, ಓಮ್ನಿಯ ಮರುನೋಂದಣಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು, 20 ವರ್ಷ ದಾಟಿದ ಗಾಡಿಗೆ ಈಗ ಅದಕ್ಕೂ ಹೆಚ್ಚು. ಜೊತೆಗೆ ಹಸಿರು ತೆರಿಗೆ, ಟೈರು, ಬ್ಯಾಟರಿ, ಡ್ರೈವರ್ ಸಂಬಳ. 14 ವರ್ಷದ ಗಾಡಿ ಕೊಟ್ಟರೆ ಖರ್ಚನ್ನೇ ಕೊಟ್ಟಂತೆ. ಓಮ್ನಿಯನ್ನು ಆಂಬುಲೆನ್ಸ್ ಮಾಡ್ತೀವಿ ಅನ್ನುವವರು ಆರ್‌ಟಿಒ ಅನುಮತಿ ಇಲ್ಲದೆ ಸೀಟು ಕೀಳುವಂತಿಲ್ಲ. ಹಳದಿ ಬೋರ್ಡ್ ಗಾಡಿಯಾದರೆ ಪರ್ಮಿಟ್, ಎಫ್‌ಸಿ ಬೇರೆ.

ಆದ್ದರಿಂದ ಗಾಡಿ ಓಡುವ ಸ್ಥಿತಿಯಲ್ಲಿದ್ದು, ಸಂಸ್ಥೆಗೆ ಅದು ನಿಜಕ್ಕೂ ಬೇಕಿದ್ದರೆ ಮಾತ್ರ ಗಾಡಿಯನ್ನೇ ಕೊಡುವುದು ಸರಿ. ಇಲ್ಲದಿದ್ದರೆ ಮಾರಿ, ಬಂದ ದುಡ್ಡನ್ನು ಬ್ಯಾಂಕ್ ಮೂಲಕ ಹಾಕುವುದೇ ಮೇಲು. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ, ಸಂಸ್ಥೆಗೆ 80ಜಿ ನೋಂದಣಿ ಇದ್ದರೆ ರಸೀದಿಯೂ ಉಪಯೋಗಕ್ಕೆ ಬರುತ್ತದೆ. ತೀರಾ ಹಳತಾಗಿದ್ದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಹಾಕಿ, ನೋಂದಣಿ ರದ್ದು ಮಾಡಿಸಬಹುದು.

ಕೊಟ್ಟ ಮೇಲೆ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಬೇಕು, ಇಲ್ಲದಿದ್ದರೆ ಟೋಲ್ ದುಡ್ಡು ಹಳೇ ಖಾತೆಯಿಂದಲೇ ಕಟ್ ಆಗುತ್ತಿರುತ್ತೆ. ಇನ್ಶೂರೆನ್ಸನ್ನು ಟ್ರಸ್ಟ್ ಹೆಸರಿಗೆ ಮಾಡಿಸಲು 14 ದಿನ ಗಡುವು. ತಿಂಗಳು ಬಿಟ್ಟು ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿದರೆ ಮಾಲೀಕರ ಹೆಸರಿನ ಕೆಲವು ಅಕ್ಷರ ಕಾಣುತ್ತವೆ. ಹಳೇ ಹೆಸರೇ ಇದ್ದರೆ ಫಾರಂ 29ರ ಸ್ವೀಕೃತಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಬೇಕು.